ಸಾಲಿನ ಕೊನೆಗೆ ನಿಂತವಳು

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಬಾತ್ಮಾ ಶಾಲೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಬಲಗೈಯಲ್ಲಿ ತಾಮ್ರದ ಗಿಂಡಿ, ಕಾಲಬುಡದಲ್ಲಿ ತವರದ ಬೋಗುಣಿ, ಎಡ ಹೆಗಲ ಮೇಲೆ ಅಂಚಿಗೆ ಕೆಂಪು ಕಸೂತಿ ಹಾಕಿದ ಟವೆಲ್ಲು. ಗಿಂಡಿಯೊಳಗೆ ಕಲ್ಲಿದ್ದಲ ಒಲೆಯ ಮೇಲೆ ಕುದಿಸಿ, ಉಗುರುಬೆಚ್ಚಗೆ ಆರಿಸಿದ ನೀರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಕೈ ಚಾಚಬೇಕು. ಆಕೆ ಹೊಯ್ಯಬೇಕು. ಅವರು ಕೈ ಉಜ್ಜಿಕೊಂಡು, ಹೆಗಲ ಮೇಲಿನ ಟವೆಲ್ಲಿನ ತುದಿ ಎಳೆದು ಒರೆಸಿಕೊಂಡು, ರೊಟ್ಟಿಯ ಗಂಟು ಬಿಚ್ಚಲು ಒಳಗೆ ಓಡಬೇಕು. ಕೈ ಕೊಡವುವ ಹಾಗಿಲ್ಲ. ಕೊಡವಿದರೆ ಮನೆಯ ಬರಕತ್ತೆಲ್ಲ ಹನಿಯ ಜೊತೆ ಮಣ್ಣುಪಾಲಾಗುತ್ತದೆಂಬುದು ನಮ್ಮ ಕೊಕ್-ಸಾಯ್ ಊರಿನಲ್ಲಿ ತೊದಲು ಮಾತಾಡುವ ಮಗುವಿಗೂ ಗೊತ್ತು.

ನೀರು ಹೊಯ್ದವರನ್ನು ಹರಸುವುದೂ ಪದ್ಧತಿ. ದೊಡ್ಡವರು ಮನೆಯ ಕಿರಿ ಸೊಸೆಗೆ ಹೇಳುವ ಹರಕೆಯ ಮಾತನ್ನು ಈ ಮಕ್ಕಳು ಹಲ್ಲು ಬಿದ್ದ ಮುದುಕಿಗೆ ಹೇಳುತ್ತಿದ್ದವು.

"ನೂರು ವರ್ಷ ಬಾಳು," ಎನ್ನುತ್ತಿದ್ದ ಒಂದನೇ ಕ್ಲಾಸಿನ ಪೋರ, ಮುಖ ಗಂಟು ಹಾಕಿಕೊಂಡು, ಥೇಟ್ ತನ್ನ ಅಜ್ಜನ ಹಾಗೆ.

"ನೂರು ವರ್ಷ ಬಾಳಿದ್ರೆ ನಿನ್ನ ಮೊಮ್ಮಕ್ಕಳ ಕೈಗೂ ನಾನೇ ಹೊಯ್ಬೇಕಾಗುತ್ತೆ ಕಣೋ. ಮೊದ್ಲು ಆ ಮೂಗು ಒರೆಸ್ಕೋ."

ಸಾಲಿನ ಕೊನೆಗೆ ಯಾವಾಗಲೂ ಬುರುಲ್. ನಾಲ್ಕನೇ ಕ್ಲಾಸು, ಎರಡು ಜಡೆ, ಹೊಟ್ಟೆಗೆ ಮಾತ್ರ ಸದಾ ಹಸಿವು. ಅವಳು ಮುಂದೆ ಬಂದು ನಿಂತರೆ ಬಾತ್ಮಾ ಕಣ್ಣಲ್ಲೇ ಹಿಂದಕ್ಕೆ ಕಳಿಸುತ್ತಿದ್ದಳು. ನೀರು ಹೊಯ್ಯುವವರ ಮನೆಯ ಮಗು ಎಲ್ಲರಾದ ಮೇಲೆ ಕೈ ಚಾಚಬೇಕು. ಮುಂದೆ ನುಗ್ಗಿದರೆ ಈ ಮನೆಯವರಿಗೆ ಮಾನ ಮರ್ಯಾದೆ ಇಲ್ಲವೇ ಎಂದು ಊರು ಆಡಿಕೊಳ್ಳುತ್ತದೆ. ಬುರುಲ್ ಸರದಿ ಬರುವಷ್ಟರಲ್ಲಿ ಗಿಂಡಿಯಲ್ಲಿ ನೀರು ತಳ ಸೇರಿರುತ್ತಿತ್ತು, ಟವೆಲ್ಲು ಹಿಂಡಿದರೆ ನೀರಿಳಿಯುವಷ್ಟು ನೆನೆದಿರುತ್ತಿತ್ತು.

"ಅವ್ವ, ಇದು ಪೂರ್ತಿ ಒದ್ದೆ. ಒರೆಸ್ಕೊಂಡ್ರೂ ಒಂದೇ, ಬಿಟ್ರೂ ಒಂದೇ."

"ಒದ್ದೆ ಆದ್ರೇನು, ಒರೆಸ್ಕೋ. ಕೊಡವ್ಬೇಡ."

ಬುರುಲ್ ಒರೆಸಿಕೊಳ್ಳುತ್ತಿದ್ದಳು. ಹೇಳಿದ ಮಾತು ಮೀರುವ ಹುಡುಗಿಯಲ್ಲ ಅವಳು.

ಅವ್ವ ಎನ್ನುತ್ತಿದ್ದಳು, ಆದರೆ ಬಾತ್ಮಾ ಅವಳ ಅಜ್ಜಿ. ಮಗನಿಗೆ ಹುಟ್ಟಿದ ಮೊದಲ ಕೂಸನ್ನು ಅಜ್ಜಿ ಮಡಿಲಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಸೊಸೆ ಸೋನುನ್‌ಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಕೂಸಿಗೆ ಮೊಲೆ ಬಿಡಿಸಿದ ದಿನ ಬಾತ್ಮಾ ಅದನ್ನು ತನ್ನ ಹಾಸಿಗೆಗೆ ಎತ್ತಿಕೊಂಡು ಹೋದಳು, ಸೋನುನ್ ತಲೆ ತಗ್ಗಿಸಿ ಹಿಟ್ಟು ನಾದಿದಳು. ಅಂದಿನಿಂದ ಬುರುಲ್ ಪಾಲಿಗೆ ಬಾತ್ಮಾ ಅವ್ವ, ಹೆತ್ತವಳು ಅಕ್ಕ. ಬುರುಲ್ ಎಂದರೆ ತಿರುಗು, ಮುಂದಿನದು ಗಂಡಾಗಲೆಂದು ಇಟ್ಟ ಹೆಸರು. ಹೆಸರೇನೂ ಕೆಲಸ ಮಾಡಲಿಲ್ಲ, ಎರಡನೆಯದೂ ಹೆಣ್ಣೇ ಆಯಿತು. ಆ ಜಾನಿಲ್‌ಳನ್ನು ಸೋನುನ್ ತಾನೇ ಸಾಕಿದಳು, ಅಮ್ಮ ಅನ್ನಿಸಿಕೊಂಡಳು. ದೊಡ್ಡವಳ ಜಡೆ ಹಾಕಬೇಕೆನ್ನಿಸಿದರೆ ಮಾತ್ರ ಅತ್ತೆಯ ಮುಖ ನೋಡುತ್ತಿದ್ದಳು. ಬಾತ್ಮಾ ಕೆಟ್ಟವಳಲ್ಲ. ಆದರೆ ಆ ನೋಟವನ್ನು ಕಂಡೂ ಕಾಣದವಳ ಹಾಗೆ ಇರುತ್ತಿದ್ದಳು, ಅದನ್ನು ಮುಚ್ಚಿಟ್ಟು ಅವಳನ್ನು ಹೊಗಳಲು ನನಗೆ ಮನಸ್ಸಿಲ್ಲ.

ಗಿಂಡಿ ಅವಳ ಕೈಗೆ ಬಂದದ್ದು ಮದುವೆಯಾದ ಮರುದಿನ. ಮಾವನ ಮನೆ ನಾರಿನ್ ಕಣಿವೆಯ ದಾರಿಯಲ್ಲಿತ್ತು, ಕುರಿ ಹೊಡೆದುಕೊಂಡು ಹೋಗುವವರು, ಬರುವವರು, ಸತ್ತ ಸುದ್ದಿ ತಂದವರು, ಹೆಣ್ಣು ಕೇಳಲು ಹೊರಟವರು, ಎಲ್ಲರೂ ಅಲ್ಲಿ ಒಂದು ಹೊತ್ತು ಉಂಡೇ ಹೋಗುತ್ತಿದ್ದರು. ಪ್ರತಿಯೊಬ್ಬರ ಕೈಗೂ ಬಾತ್ಮಾ ನೀರು ಹೊಯ್ದಳು, ಹೆಗಲ ಮೇಲಿನ ಟವೆಲ್ಲು ಒಡ್ಡಿದಳು. ಟವೆಲ್ಲು ಒಗೆಯುವುದರಲ್ಲಿ ಅವಳ ಹಟ ಊರಿಗೇ ಗೊತ್ತು. ಬೂದಿ ನೀರಿನಲ್ಲಿ ಕುದಿಸಿ, ಕಲ್ಲಿಗೆ ಬಡಿದು, ಹಿಮದ ಮೇಲೆ ಹರವಿದರೆ ಹಿಮ ಯಾವುದು ಬಟ್ಟೆ ಯಾವುದು ತಿಳಿಯಬಾರದು. ಗಂಡ ತೀರಿಕೊಂಡ ಮೇಲೆ ಶಾಲೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಶಾಲೆಯಲ್ಲಿ ಹಿಂದೆ ನಲ್ಲಿಗಳಿದ್ದವಂತೆ. ಒಂದು ಚಳಿಗಾಲ ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ಒಡೆಯಿತು, ಮುಂದಿನ ಬೇಸಿಗೆಯಲ್ಲಿ ಯಾರೋ ಕೊಳವೆಯನ್ನೇ ಕಿತ್ತು ಗುಜರಿಗೆ ಹಾಕಿದರು. ಮಕ್ಕಳು ಅಂಗಳದ ತುದಿಯ ಪಾಯಿಖಾನೆಗೆ ಹೋಗಿ, ಕಾಲುವೆಯಲ್ಲಿ ಕೈ ಅದ್ದಿ, ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು. ಚಳಿಯಲ್ಲಿ ಅದ್ದುವುದೂ ಇಲ್ಲ. ಬಾತ್ಮಾಳಿಗೆ ನೋಡಿ ತಡೆಯಲಾಗಲಿಲ್ಲ. ಯಾರೂ ಹೇಳದೆ, ಯಾರನ್ನೂ ಕೇಳದೆ, ಮಾವನ ಮನೆಯ ಗಿಂಡಿ ತಂದು ಬಾಗಿಲಲ್ಲಿ ನಿಂತಳು.

ಹೆಡ್‌ಮಾಸ್ಟರ್ ಸಾದಿರ್‌ಬೆಕ್ ಮೇಷ್ಟ್ರು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ರಾಜಧಾನಿಯಿಂದ ಶಾಲೆಗಳಿಗೆ ನೀರು, ಪಾಯಿಖಾನೆ ಮಾಡಿಸಿಕೊಡುವ ಜನ ಬಂದಾಗಲೂ ತೋರಿಸಿದರು. ಅವರು ಗುಡ್ಡದ ಮೇಲಿನ ಒರತೆ ನೋಡಿದರು, ಅಂಗಳ ಅಳೆದರು, ಬೇಸಿಗೆ ಮುಗಿಯುವ ಮೊದಲೇ ಲಾರಿಯಲ್ಲಿ ಕೊಳವೆ ಇಳಿಸಿ, ಅಗೆಯುವ ಕೆಲಸ ಮಾತ್ರ ಊರಿನದು ಎಂದು ಹೇಳಿ ಹೋದರು. ಅಲ್ಲಿಗೆ ಸಿಕ್ಕಿಕೊಂಡಿತು. ಕೊಳವೆ ಮೇಲಿನ ಬೀದಿಯಲ್ಲಿ ಬರಬೇಕೋ ಕೆಳಗಿನ ಬೀದಿಯಲ್ಲೋ? ಮೇಲಿನವರು ತಮ್ಮ ಮೂಲೆಗೊಂದು ನಲ್ಲಿ ಕೊಟ್ಟರೆ ಮಾತ್ರ ಎಂದರು. ಹಾಗಾದರೆ ನಮ್ಮ ಗೋಡೆ ಪಕ್ಕ ಗುದ್ದಲಿ ಹಾಕಿ ನೋಡಿ ಎಂದು ಕೆಳಗಿನವರು ಎದೆ ಸೆಟೆಸಿದರು. ಸೇಬು ಹಣ್ಣಾಯಿತು, ಆಲೂಗೆಡ್ಡೆ ಕಿತ್ತರು, ಹುಲ್ಲು ಅಟ್ಟಕ್ಕೇರಿತು. ಗಂಡಸರು ಮಸೀದಿಯ ಕಟ್ಟೆಯ ಮೇಲೆ ಕೂತು ಬೀದಿಯ ಮಾತಾಡುತ್ತಲೇ ಇದ್ದರು. ಅಂಗಳದಲ್ಲಿ ಬಿದ್ದಿದ್ದ ಕೊಳವೆಯ ಒಂದು ತುದಿಗೆ ಬಾಯಿಟ್ಟು ಬುರುಲ್ ಕೂಗಿದರೆ ಇನ್ನೊಂದು ತುದಿಯಲ್ಲಿ ಕಿವಿಯಿಟ್ಟ ಜಾನಿಲ್ ಬಿದ್ದು ಬಿದ್ದು ನಗುತ್ತಿದ್ದಳು. ಕೊನೆಗೆ ಕೊಳವೆಗಳ ಮೇಲೆ ಹಿಮ ಬಿತ್ತು.

"ನೆಲ ಗಟ್ಟಿಯಾಗೋಯ್ತಲ್ಲ," ಎಂದರು ಮೇಷ್ಟ್ರು, ನೆಲದ್ದೇ ತಪ್ಪೆಂಬಂತೆ. "ವಸಂತ ಬರ್ಲಿ, ನೋಡೋಣ. ಅಲ್ಲೀವರ್ಗೂ ನಮ್ಮ ಬಾತ್ಮಾ ಇದ್ದಾಳಲ್ಲ."

ಆ ಮಾತಿಗೆ ಬಾತ್ಮಾ ಹಿಗ್ಗಿದಳು.

ಊರಿನ ನರ್ಸಮ್ಮ ಗುಲ್ಬಾರ್ಚಿನ್ ಮಾತ್ರ ಹಿಗ್ಗಿಸುವ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಸಾಲು ಪೂರ್ತಿ ನೋಡಿದಳು.

"ಬಾತ್ಮಾ ಅತ್ತೆ, ನೀರು ಕುದ್ಸಿದ್ದೀರಿ, ಒಳ್ಳೇದು. ಸೋಪು?"

"ಸೋಪು ಇಟ್ರೆ ಕಾಗೆ ಹೊತ್ಕೊಂಡ್ ಹೋಗುತ್ತೆ. ಕಾಗೆ ಬಿಟ್ಟಿದ್ದನ್ನ ಮೂರನೇ ಕ್ಲಾಸು ಹೊತ್ಕೊಂಡ್ ಹೋಗುತ್ತೆ."

"ನಾನು ತಂದ್ಕೊಡ್ತೀನಿ. ಆಮೇಲೆ ಈ ಟವೆಲ್ಲು… ಎಲ್ರಿಗೂ ಒಂದೇ ಬೇಡ. ಒಬ್ಬೊಬ್ರೂ ಮನೆಯಿಂದ ಒಂದು ತುಂಡು ಬಟ್ಟೆ ತರ್ಲಿ. ಇಲ್ಲಾಂದ್ರೆ ಕೈ ಕೊಡವಿ ಗಾಳೀಲಿ ಆರಿಸ್ಕೊಳ್ಲಿ."

ಬಾತ್ಮಾಳ ಮುಖ ಗಡುಸಾಯಿತು. "ನಿನ್ನ ಮದ್ವೆ ದಿನ ನಿನ್ನ ಗಂಡನ ಕಡೆಯವ್ರು ಪೂರಾ ನನ್ನ ಹೆಗಲ ಮೇಲಿನ ಟವೆಲ್ಲಲ್ಲೇ ಒರೆಸ್ಕೊಂಡ್ರು. ಯಾರೂ ಸಾಯ್ಲಿಲ್ಲ. ದಿನಾ ಕುದ್ಸಿ ಒಗೀತೀನಿ ಕಣಮ್ಮ ಇದನ್ನ. ಮಕ್ಕಳನ್ನ ಪರಕೀಯರ ಹಾಗೆ ಬೇರೆ ಬೇರೆ ಒರೆಸ್ಕೊಳ್ಳಿ ಅನ್ನೋಕೆ ನನ್ನ ಬಾಯಿ ಬರಲ್ಲ."

"ಬೆಳಿಗ್ಗೆ ಕ್ಲೀನೇ ಅತ್ತೆ. ಸಾಲಿನ ಕೊನೇಲಿ?"

"ಸಾಲಿನ ಕೊನೇಲಿ ನಮ್ಮನೆ ಮಗೂನೇ ನಿಲ್ಲೋದು," ಎಂದಳು ಬಾತ್ಮಾ. ವಾದ ಗೆದ್ದೆನೆಂದೇ ಅವಳು ತಿಳಿದಳು. ಹಿರಿಯಳೊಡನೆ ವಾದ ಬೇಡವೆಂದು ನರ್ಸಮ್ಮ ಹೊರಟುಹೋದಳು. ಆಮೇಲೆ ಅವಳು ತಂದುಕೊಟ್ಟ ಸೋಪಿನ ಬಿಲ್ಲೆಯನ್ನು ಬಾತ್ಮಾ ಕಿಟಕಿಯ ಮೇಲಿಟ್ಟು ಮರೆತಳು.

ಮೊದಲು ಕಾಮಾಲೆಯಾದದ್ದು ಕೆಳಗಿನ ಬೀದಿಯ ಒಬ್ಬ ಹುಡುಗನಿಗೆ. ಆಮೇಲೆ ಒಂದೇ ಬೆಂಚಿನ ಇಬ್ಬರಿಗೆ. ಚಳಿ ಶುರುವಾಗುವ ಹೊತ್ತಿಗೆ ಕಾಮಾಲೆ ನಮ್ಮ ಕಡೆ ನೆಗಡಿಯಷ್ಟೇ ಪರಿಚಿತ. ಕಣ್ಣು ಹಳದಿಯಾಗುತ್ತದೆ, ಮಗು ಕೆಲವು ವಾರ ಮಲಗುತ್ತದೆ, ತೆಳ್ಳಗಾಗಿ ಏಳುತ್ತದೆ. ಬಾತ್ಮಾ ಹೆದರಲಿಲ್ಲ, ಸೊಂಟ ಕಟ್ಟಿದಳು. ಮಧ್ಯಾಹ್ನ ಒಂದು ಸಲ ಸಾಲದೆಂದು ಬೆಳಿಗ್ಗೆಯೂ ಗಿಂಡಿ ಹಿಡಿದು ನಿಂತಳು, ಮನೆಗೆ ಹೊರಡುವಾಗಲೂ ನಿಂತಳು. ತಪ್ಪಿಸಿಕೊಂಡು ಓಡುವವರ ಕಿವಿ ಹಿಡಿದು ತಂದಳು. ಹೆಗಲ ಮೇಲಿನ ಟವೆಲ್ಲಿಗೆ ಅಷ್ಟು ಕೈ ಹಿಂದೆಂದೂ ತಗುಲಿರಲಿಲ್ಲ.

ಹೊಸ ವರ್ಷಕ್ಕೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಬುರುಲ್ ರೊಟ್ಟಿ ಬೇಡವೆಂದಳು. ಬುರುಲ್ ರೊಟ್ಟಿ ಬೇಡವೆಂದದ್ದಕ್ಕೆ ಮನೆಗೆ ಮನೆಯೇ ತಿರುಗಿ ನೋಡಿತು. ಸಂಜೆಗೆ ವಾಂತಿ. ಸೋನುನ್ ದೀಪ ಹತ್ತಿರ ಹಿಡಿದು ಮಗಳ ಕಣ್ಣ ರೆಪ್ಪೆ ಎಳೆದು ನೋಡಿ, ದೀಪ ಕೆಳಗಿಟ್ಟಳು.

"ಬೇರೆ ಮಕ್ಕಳು ಎದ್ದು ಓಡಾಡ್ತಿಲ್ವಾ," ಎಂದಳು ಬಾತ್ಮಾ. "ಇವಳೂ ಏಳ್ತಾಳೆ."

ಬೇರೆ ಮಕ್ಕಳೆಲ್ಲ ಎದ್ದರು. ಬುರುಲ್ ಏಳಲಿಲ್ಲ. ಕೆಲವು ದಿನದಲ್ಲೇ ಮಾತು ತಡವರಿಸತೊಡಗಿತು, ಜಾನಿಲ್‌ಳನ್ನು ನೋಡಿ ಇವಳ್ಯಾರು ಎಂದಳು. ನರ್ಸಮ್ಮ ಬಂದು ನೋಡಿದವಳೇ ಜೀಪು ಹಿಡಿಯಲು ಓಡಿದಳು. ಬಾತ್ಮಾಳ ಮಗ ಕುರಿಗಳ ಜೊತೆ ಬೆಟ್ಟದಾಚೆ ಇದ್ದ. ಅತ್ತೆ ಸೊಸೆಯರಿಬ್ಬರೇ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ ಪಟ್ಟಣದ ಆಸ್ಪತ್ರೆಗೆ ಒಯ್ದರು.

ಅಂಟುರೋಗದ ವಾರ್ಡು. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಾರೆ. ಬಾಗಿಲಲ್ಲಿ ಡಾಕ್ಟರು ಕೇಳಿದರು, "ತಾಯಿ ಯಾರು?"

"ನಾನು," ಎಂದಳು ಬಾತ್ಮಾ.

ಯೋಚಿಸಿ ಆಡಿದ ಮಾತಲ್ಲ. ಅಷ್ಟು ವರ್ಷ ಹೇಳಿಕೊಂಡು ಬಂದದ್ದೇ ಬಾಯಿಗೆ ಬಂತು. ಡಾಕ್ಟರು ಅವಳ ಬಿಳಿ ಕೂದಲು ನೋಡಿದರು, ಪಕ್ಕದಲ್ಲಿ ನಿಂತ ಸೋನುನ್ ಕಡೆ ನೋಡಿದರು. ಸೋನುನ್ ಗೋಡೆ ನೋಡುತ್ತಿದ್ದಳು. ಅತ್ತೆ ಆಡಿದ ಮೇಲೆ ಎದುರಾಡುವ ಸೊಸೆಯಲ್ಲ ಅವಳು. ಬಾಗಿಲು ಬಾತ್ಮಾಳ ಹಿಂದೆ ಮುಚ್ಚಿಕೊಂಡಿತು.

ಒಳಗೆ ಬಾತ್ಮಾ ಬುರುಲ್‌ಳ ಕೈ ಹಿಡಿದು ಕೂತಳು. ಉಗುರು ಕೂಡ ಹಳದಿಯಾಗಿತ್ತು. ಕಿಟಕಿಯ ಕೆಳಗೆ, ಹಿಮದಲ್ಲಿ, ಸೋನುನ್ ನಿಂತಿದ್ದಳು. ಬಾತ್ಮಾ ಎದ್ದು ನೋಡಿದಾಗಲೆಲ್ಲ ಅಲ್ಲೇ, ಶಾಲಿನ ಅಂಚು ಬಾಯಿಗೊತ್ತಿಕೊಂಡು, ಮುಖ ಮೇಲೆತ್ತಿ. ಹೋಗಿ ಕರೆದು ನನ್ನ ಜಾಗಕ್ಕೆ ಕಳಿಸೋಣವೆಂದು ಬಾತ್ಮಾಳಿಗೆ ಒಮ್ಮೆ ಅನ್ನಿಸಿತು. ಹುಡುಗಿ ಎಚ್ಚರಾದರೆ ಅವ್ವ ಎಂದು ಕರೆಯುತ್ತಾಳೆ, ಆಗ ನಾನಿರದಿದ್ದರೆ? ಹಾಗೆಂದುಕೊಂಡು ಕೂತಳು. ಬುರುಲ್‌ಗೆ ಎಚ್ಚರವಾಗಲಿಲ್ಲ. ಮಾರನೆಯ ದಿನ ಬೆಳಕು ಹರಿದ ಮೇಲೆ ಅವಳ ಉಸಿರು ನಿಂತಿತು. ಬಾತ್ಮಾ ಕಿಟಕಿಗೆ ಹೋಗಿ ನಿಂತಳು. ಸೋನುನ್ ಅತ್ತೆಯ ಮುಖ ನೋಡಿ ಹಿಮದಲ್ಲಿ ಕೂತುಬಿಟ್ಟಳು.

ಸತ್ತ ಮನೆಯಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳುವುದು ನಮ್ಮ ಪದ್ಧತಿ. ನಡುವಿನ ಜಾಗ ತಾಯಿಯದು. ಅಲ್ಲಿ ಬಾತ್ಮಾ ಕೂತಳು, ನನ್ನ ಕಂದ, ನನ್ನ ಕುದುರೆ ಮರಿ ಎಂದು ಅತ್ತಳು. ಬಂದವರೆಲ್ಲ ಅವಳನ್ನೇ ತಬ್ಬಿಕೊಂಡರು. ಸೋನುನ್ ಬಂದವರಿಗೆ ಚಹಾ ಕೊಟ್ಟಳು, ಒಲೆಗೆ ಕಲ್ಲಿದ್ದಲು ಹಾಕಿದಳು. ಕೇಳಿದರೆ ಹೊಗೆಯಿಂದ ಕಣ್ಣು ಕೆಂಪಾಗಿದೆ ಎನ್ನುತ್ತಿದ್ದಳು.

ಪಟ್ಟಣದಿಂದ ಆರೋಗ್ಯದವರು ಬಂದರು. ಕಾಲುವೆಯ ನೀರನ್ನು ಸೀಸೆಗೆ ತುಂಬಿದರು, ಪಾಯಿಖಾನೆಯ ಹತ್ತಿರ ಮೂಗು ಮುಚ್ಚಿಕೊಂಡು ನಿಂತರು, ಶಾಲೆಯನ್ನು ಕೆಲವು ದಿನ ಮುಚ್ಚಿಸಿದರು. ಊರಿನವರು ಕಾಲುವೆಗೆ ಶಾಪ ಹಾಕಿದರು. ಬಾತ್ಮಾ ಒಂದು ಮಧ್ಯಾಹ್ನ ಗುಲ್ಬಾರ್ಚಿನ್ ನರ್ಸಮ್ಮನ ಮನೆಗೆ ಹೋದಳು. ಒಳಗೆ ಬನ್ನಿ ಎಂದರೂ ಹೊಸ್ತಿಲು ದಾಟಲಿಲ್ಲ.

"ನಿಜ ಹೇಳು. ನನ್ನ ಟವೆಲ್ಲಿಂದ ಬಂತಾ?"

ನರ್ಸಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಅತ್ತೆ, ಎಲ್ಲಿಂದ ಬಂತು ಅಂತ ಯಾರಿಗೂ ಹೇಳೋಕಾಗಲ್ಲ. ಪಾಯಿಖಾನೆಯಿಂದ ಬಂದ ಕೈಯಲ್ಲಿತ್ತು. ಕಾಲುವೇಲಿ ಇತ್ತು. ಬರೀ ನೀರಿಗೆ ಅದು ಹೋಗಲ್ಲ. ಬಾಗಿಲ ಹಿಡೀಲೂ ಇದ್ದಿರ್ಬೇಕು."

"ಟವೆಲ್ಲಲ್ಲಿ?"

"ಟವೆಲ್ಲಲ್ಲೂ."

"ಒಬ್ರಿಂದ ಒಬ್ರಿಗೆ ಅಂಟ್ಕೊಂಡು, ಎಲ್ರ ಕೈದೂ ಅದ್ರಲ್ಲಿ ಸೇರ್ಕೊಂಡು… ಕೊನೇಲಿ ನಿಂತವಳಿಗೆ ಎಲ್ಲಾದೂ ಸಿಗುತ್ತಲ್ವಾ?"

"ಹಾಗೆಲ್ಲ ಯೋಚ್ನೆ ಮಾಡ್ಬೇಡಿ ಅತ್ತೆ. ಅಷ್ಟು ಮಕ್ಕಳಿಗೆ ಬಂತು, ಇವಳಿಗೊಬ್ಬಳಿಗೇ ಯಾಕೆ ಈ ಥರ ಆಯ್ತು ಅಂತ ಡಾಕ್ಟರಿಗೂ ಗೊತ್ತಿಲ್ಲ."

"ಒದ್ದೆ ಅಂದ್ಲು ಕಣೇ ಅವಳು. ಪೂರ್ತಿ ಒದ್ದೆ ಅಂದ್ಲು. ಒರೆಸ್ಕೋ ಅಂದೆ ನಾನು."

ಬಾತ್ಮಾ ಮನೆಗೆ ಬಂದು ಸಂದೂಕದಲ್ಲಿದ್ದ ಟವೆಲ್ಲುಗಳನ್ನೆಲ್ಲ ಹೊರಗೆ ತೆಗೆದಳು. ಮಾವನ ಕಾಲದವು, ತಾನು ಮದುವೆಗೆ ಹೊಲಿದು ತಂದವು, ಬುರುಲ್‌ಳ ಮದುವೆಗೆಂದು ಕಸೂತಿ ಹಾಕುತ್ತಾ ಅರ್ಧಕ್ಕೆ ನಿಂತದ್ದು. ಒಂದೊಂದಾಗಿ ಒಲೆಗೆ ಹಾಕಿದಳು. ಸೋನುನ್ ಬಾಗಿಲಲ್ಲಿ ನಿಂತು ನೋಡಿದಳು, ಯಾಕೆಂದು ಕೇಳಲಿಲ್ಲ. ಟವೆಲ್ಲಿನಿಂದ ಬಂತಂತೆ ಎಂಬ ಊರಿನ ಮಾತು ಅಷ್ಟು ಹೊತ್ತಿಗೆ ಅವಳ ಕಿವಿಗೂ ಬಿದ್ದಿತ್ತು. ಬೈದಿದ್ದರೆ ಬಾತ್ಮಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಸೋನುನ್ ಎಂದಿನಂತೆ ಅತ್ತೆಗೆ ಮೊದಲು ಚಹಾ ಬಗ್ಗಿಸಿಕೊಟ್ಟಳು, ಆಮೇಲೆ ತಾನು ಕುಡಿದಳು.

ಹುಡುಗಿ ಸತ್ತ ನಲವತ್ತನೆಯ ದಿನದ ಪ್ರಾರ್ಥನೆಗೆ ಊರೆಲ್ಲ ಬಂತು. ಬೆಟ್ಟದಾಚೆಯಿಂದ ಬಂದಿದ್ದ ಮಗ ಕುರಿ ಕೊಯ್ದಿದ್ದ. ಎಣ್ಣೆಯಲ್ಲಿ ಹಿಟ್ಟಿನ ತುಂಡು ಕರಿಯುವ ವಾಸನೆ ಬೀದಿಯ ತನಕ ಹೋಗಿತ್ತು. ಸತ್ತವರಿಗೆ ತಲುಪುವುದು ಆ ವಾಸನೆ ಮಾತ್ರ ಎನ್ನುತ್ತಾರೆ. ಗಂಡಸರು ಅಂಗಳದಲ್ಲಿ ಕೈ ತೊಳೆಯಲು ಅಂಗಿಯ ತೋಳು ಮಡಚಿ ನಿಂತಿದ್ದರು, ಮುಂದೆ ಮುಲ್ಲಾ, ಅವರ ಹಿಂದೆ ಸಾದಿರ್‌ಬೆಕ್ ಮೇಷ್ಟ್ರು, ಆಮೇಲೆ ಮೇಲಿನ ಬೀದಿ, ಕೆಳಗಿನ ಬೀದಿ. ನೀರು ಹೊಯ್ಯಲು ನಿಂತಿದ್ದ ನೆಂಟರ ಹುಡುಗನ ಕೈಯಿಂದ ಬಾತ್ಮಾ ಗಿಂಡಿ ತೆಗೆದುಕೊಂಡಳು. ಅವನ ಹೆಗಲ ಮೇಲಿನ ಬಟ್ಟೆಯನ್ನೂ ಎಳೆದು ಪಕ್ಕಕ್ಕೆಸೆದಳು.

"ನೀವ್ಯಾಕೆ, ಮನೆ ಹಿರಿಯರು," ಎಂದರು ಮುಲ್ಲಾ. "ಹುಡುಗ್ರು ಹೊಯ್ತಾರೆ ಬಿಡಿ."

ಬಾತ್ಮಾ ಕೇಳಿಸಿಕೊಳ್ಳಲಿಲ್ಲ. "ಜಾನಿಲ್, ಬಾ ಇಲ್ಲಿ. ಈ ಮನೆ ಮಗು ಮೊದ್ಲು."

ಅಷ್ಟು ಮಂದಿ ಹಿರಿಯರ ಮುಂದೆ ನಿಲ್ಲಲು ಜಾನಿಲ್‌ಗೆ ನಾಚಿಕೆಯಾಯಿತು. ಬಾತ್ಮಾ ಅವಳ ಕೈ ಹಿಡಿದೆಳೆದು, ಜೇಬಿನಿಂದ ಸೋಪು ತೆಗೆದಳು. ನರ್ಸಮ್ಮ ಕೊಟ್ಟು, ಶಾಲೆಯ ಕಿಟಕಿಯ ಮೇಲೆ ಉಳಿದೇಹೋಗಿದ್ದ ಬಿಲ್ಲೆ ಅದು. ಬೆರಳ ಸಂದಿಗಳನ್ನೆಲ್ಲ ತಾನೇ ಉಜ್ಜಿದಳು, ನೀರು ಹೊಯ್ದಳು.

"ಟವೆಲ್ಲು ಎಲ್ಲಜ್ಜಿ?"

"ಇಲ್ಲ. ಕೊಡವು."

"ಕೊಡವ್ಬಾರ್ದು ಅಂತ ನೀನೇ ಹೇಳಿದ್ದೆ."

"ನಾನೇ ಹೇಳಿದ್ದು. ನಿಮ್ಮಕ್ಕನಿಗೂ ಹೇಳಿದ್ದೆ, ಅವಳು ನನ್ನ ಮಾತು ಕೇಳಿದ್ಲು. ಈಗ ಹೇಳ್ತಿದ್ದೀನಿ, ಕೊಡವು."

ಜಾನಿಲ್ ಕಣ್ಣು ಮುಚ್ಚಿಕೊಂಡು ಎರಡೂ ಕೈ ಕೊಡವಿದಳು. ಹನಿಗಳು ಮುಲ್ಲಾರ ಬೂಟಿನ ಮೇಲೆ, ಮೇಷ್ಟ್ರ ಕೋಟಿನ ಮೇಲೆ ಬಿದ್ದವು. ಗಂಡಸರು ಒಬ್ಬೊಬ್ಬರಾಗಿ ಬಂದು ಸೋಪು ಹಚ್ಚಿಕೊಂಡು ಕೈ ಚಾಚಿದರು. ಮೇಷ್ಟ್ರ ಸರದಿ ಬಂದಾಗ ಅವರು ತಲೆ ಎತ್ತದೆ ಹೇಳಿದರು, "ವಸಂತಕ್ಕೆ ಕಾಯಲ್ಲ ಬಾತ್ಮಾ. ಬೆಂಕಿ ಹಾಕಿ ನೆಲ ಮೆತ್ತಗೆ ಮಾಡಿ ಅಗೀತೀವಿ. ಎರಡೂ ಬೀದಿಯವ್ರೂ ಒಪ್ಪಿದ್ದಾರೆ."

"ಒಪ್ಪಿದ್ರಾ," ಎಂದಳು ಬಾತ್ಮಾ, ನೀರು ಹೊಯ್ಯುತ್ತಾ. "ಒಳ್ಳೇದಾಯ್ತು." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

ಕೊಡವಲು ಒಬ್ಬರಿಗೂ ಕೈ ಬರಲಿಲ್ಲ. ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡೇ ಹೋಗಿ ಕೂತರು. ಪ್ರಾರ್ಥನೆ ಮುಗಿದು ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡಾಗ ಮುಖಗಳೂ ಒದ್ದೆಯಾದವು.

ಹೆಂಗಸರ ಸರದಿ ಬಂತು. ಸೋನುನ್ ಕರಿದ ತಿಂಡಿಯ ಹರಿವಾಣ ಹಿಡಿದು ಅಡಿಗೆ ಮನೆಯಿಂದ ಬರುತ್ತಿದ್ದಳು.

"ಬುರುಲ್ ಅವ್ವ," ಎಂದು ಕರೆದಳು ಬಾತ್ಮಾ. "ಬಾ, ಕೈ ತೊಳ್ಕೋ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬುರುಲ್ ಅವ್ವ ಎಂದರೆ ಊರಿಗೆಲ್ಲ ಬಾತ್ಮಾಳೇ. ಸೋನುನ್‌ಗೂ ಮೊದಲು ತಿಳಿಯಲಿಲ್ಲ, ಸುಮ್ಮನೆ ಸುತ್ತ ನೋಡಿದಳು.

"ನಿನ್ನೇ ಕಣೆ ಕರೆದಿದ್ದು."

ಸೋನುನ್ ಹರಿವಾಣ ಯಾರ ಕೈಗೋ ಕೊಟ್ಟು ಬಂದಳು. ಕೈ ಚಾಚಿದಳು. ಬಾತ್ಮಾ ನಿಧಾನವಾಗಿ ಹೊಯ್ದಳು. ಹೊಯ್ದವರನ್ನು ಹರಸಬೇಕಲ್ಲ, ಸೋನುನ್ ಅಭ್ಯಾಸಬಲದಿಂದ ಬಾಯಿ ತೆರೆದಳು.

"ಬೇಡ," ಎಂದಳು ಬಾತ್ಮಾ. "ನೂರು ವರ್ಷ ಬಾಳು ಅಂತ ಮಾತ್ರ ಅನ್ಬೇಡ. ಒಳಗೆ ಹೋಗು. ನಡುವೆ ಜಾಗ ಬಿಟ್ಟಿದ್ದಾರೆ, ಅಲ್ಲಿ ಕೂತ್ಕೋ. ಅದು ನಿಂದು. ಆವತ್ತು ಆಸ್ಪತ್ರೇಲೂ ಅದು ನಿಂದೇ ಆಗಿತ್ತು."

ಸೋನುನ್ ಒಂದು ಗಳಿಗೆ ಅತ್ತೆಯ ಮುಖವನ್ನೇ ನೋಡಿದಳು. ಕ್ಷಮೆಯ ಮಾತೊಂದೂ ಬರಲಿಲ್ಲ, ಬಾತ್ಮಾ ಅದನ್ನು ಕೇಳಲೂ ಇಲ್ಲ. ಸೋನುನ್ ಒಳಗೆ ಹೋದಳು. ಹೆಂಗಸರ ನಡುವೆ ಗೋಡೆಗೆ ಮುಖ ಮಾಡಿ ಕೂತಳು. ಆಮೇಲೆ ಎದೆಯ ತಳದಿಂದ ಒಂದು ಕೂಗು ಎದ್ದಿತು, "ನನ್ನ ಮಗಳೇ, ನನ್ನ ಹೊಟ್ಟೇಲಿ ಹುಟ್ಟಿದ ಮಗಳೇ," ಎಂದು. ಆ ಮಾತನ್ನು ಸೋನುನ್ ಬಾಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಬಾತ್ಮಾ ಬಾಗಿಲ ತನಕ ಹೋದಳು. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಖಾಲಿ ಗಿಂಡಿ ಹಿಡಿದುಕೊಂಡೇ ಮನೆಯ ಪಕ್ಕಕ್ಕೆ ಹೋಗಿ, ಕಿಟಕಿಯ ಕೆಳಗೆ, ಹಿಮದಲ್ಲಿ ನಿಂತಳು. ಶಾಲಿನ ಅಂಚು ಬಾಯಿಗೊತ್ತಿಕೊಂಡು, ಒಳಗಿನ ಅಳು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.